ತೀರ್ಪು ಹುಡುಕುವುದು, ಓದುವುದು, ನೋಟ್ ಬರೆಯುವುದು: ವಕೀಲರ ಕಚೇರಿಗೆ ಸೇರುವ ಪ್ಯಾರಾಲೀಗಲ್‌ಗಳು ಎಲ್ಲಿಂದ ಶುರು ಮಾಡಬೇಕು?

ಹೆಬ್ಬೂರು_ಓದುಗಿ

ಬಿ.ಕಾಂ. ಆಗಿದೆ, ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಬರುತ್ತದೆ. ತುಮಕೂರಿನಲ್ಲಿ ವಕೀಲರ ಕಚೇರಿಗೆ ಪ್ಯಾರಾಲೀಗಲ್ (ವಕೀಲರ ಸಹಾಯಕಿ) ಆಗಿ ಸೇರಬೇಕೆಂದಿದ್ದೇನೆ. ಫೈಲಿಂಗ್, ನಕಲು ಅರ್ಜಿ, ಡೈರಿ ಇವೆಲ್ಲ ಕಚೇರಿಯಲ್ಲೇ ಕೈಗೆ ಹತ್ತುತ್ತವೆ ಅನ್ನುತ್ತಾರೆ. ಆದರೆ "ಈ ಪಾಯಿಂಟಿಗೆ ಒಂದು ತೀರ್ಪು ಹುಡುಕಿ ನೋಟ್ ಮಾಡಿಕೊಡಿ" ಅಂದಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ಓದಬೇಕು, ಓದಿದ್ದನ್ನು ಹೇಗೆ ಬರೆಯಬೇಕು? ದುಡ್ಡು ಕಟ್ಟುವ ಡೇಟಾಬೇಸ್ ನನ್ನ ಹತ್ತಿರ ಇಲ್ಲ.

ಶಿರಾಗೇಟ್ (ತುಮಕೂರು)

ಹುಡುಕುವುದಕ್ಕಿಂತ ಮೊದಲು ತಾರೀಕು ಪಟ್ಟಿ. ಇದನ್ನು ಬಿಟ್ಟು ನೇರವಾಗಿ ತೀರ್ಪು ಹುಡುಕಲು ಕೂತವರು ಅರ್ಧ ದಿನ ಕಳೆದು ಹತ್ತು ತೀರ್ಪು ತರುತ್ತಾರೆ, ಅದರಲ್ಲಿ ಒಂದೂ ಕೈಯಲ್ಲಿರುವ ಫೈಲಿಗೆ ಹೊಂದುವುದಿಲ್ಲ.

ಒಂದು ಕಾಲ್ಪನಿಕ ಫೈಲ್ ಇಟ್ಟುಕೊಳ್ಳೋಣ. ಗುಬ್ಬಿ ತಾಲ್ಲೂಕಿನ ರೈತ ತಿಪಟೂರಿನ ವರ್ತಕನಿಗೆ ಕೊಬ್ಬರಿ ಮಾರಿದ್ದಾನೆ. ವರ್ತಕ 3,50,000 ರೂಪಾಯಿಗೆ 2-1-2025 ರ ಚೆಕ್ ಕೊಟ್ಟಿದ್ದಾನೆ. ರೈತನ ಖಾತೆ ತುಮಕೂರಿನ ಬ್ಯಾಂಕ್ ಶಾಖೆಯಲ್ಲಿದೆ. 20-3-2025 ರಂದು ಚೆಕ್ ಹಾಕಿದ, ಹಣವಿಲ್ಲ ಎಂದು ವಾಪಸಾಯಿತು, ಬ್ಯಾಂಕಿನ ಮೆಮೊ 21-3-2025 ರಂದು ಕೈಗೆ ಬಂತು. 8-4-2025 ರಂದು ವಕೀಲರ ನೋಟೀಸು ಅಂಚೆಗೆ ಹೋಯಿತು, 15-4-2025 ರಂದು ವರ್ತಕನಿಗೆ ತಲುಪಿತು. ದುಡ್ಡು ಬಂದಿಲ್ಲ.

ಈಗ ನಾಲ್ಕು ಕಾಲಂ ಎಳೆಯಿರಿ: ತಾರೀಕು, ಏನಾಯಿತು, ಯಾವ ದಾಖಲೆ ಹೇಳುತ್ತದೆ, ಆ ದಾಖಲೆ ನಮ್ಮ ಹತ್ತಿರ ಇದೆಯೇ. ಮೂರನೆಯ ಮತ್ತು ನಾಲ್ಕನೆಯ ಕಾಲಂ ಇಲ್ಲದ ಪಟ್ಟಿಯಿಂದ ಉಪಯೋಗವಿಲ್ಲ. "15-4 ರಂದು ತಲುಪಿತು" ಎಂದು ಕಕ್ಷಿದಾರ ಬಾಯಲ್ಲಿ ಹೇಳಿದರೆ ಸಾಲದು. ಅಂಚೆಯ ಟ್ರ್ಯಾಕಿಂಗ್ ಪ್ರಿಂಟ್ ಬೇಕು, ಇಲ್ಲವೇ ಸ್ವೀಕೃತಿ ಕಾರ್ಡು ಬೇಕು. ಟ್ರ್ಯಾಕಿಂಗ್ ಮಾಹಿತಿ ವೆಬ್‌ಸೈಟಿನಲ್ಲಿ ಕೆಲವು ಕಾಲ ಮಾತ್ರ ಉಳಿಯುತ್ತದೆ, ಆದ್ದರಿಂದ ತಲುಪಿದ ವಾರದಲ್ಲೇ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.

ಪಟ್ಟಿ ಆದಮೇಲೆ ಪ್ರಶ್ನೆ ಬರೆಯಿರಿ. "ಚೆಕ್ ಬೌನ್ಸ್ ಬಗ್ಗೆ ತೀರ್ಪು" ಅನ್ನುವುದು ಪ್ರಶ್ನೆಯಲ್ಲ. ಈ ಫೈಲಿನಿಂದ ಹುಟ್ಟುವ ಪ್ರಶ್ನೆಗಳು ಹೀಗಿರುತ್ತವೆ: ಚೆಕ್ ಬರೆದವನ ಬ್ಯಾಂಕ್ ತಿಪಟೂರಿನಲ್ಲಿದ್ದು ಹಣ ಪಡೆಯುವವನ ಖಾತೆ ತುಮಕೂರಿನಲ್ಲಿದ್ದರೆ ದೂರು ಯಾವ ಕೋರ್ಟಿಗೆ? ನೋಟೀಸು 30 ದಿನದೊಳಗೆ ಹೋಗಿದೆಯೇ? ದೂರು ಹಾಕಲು ಮೊದಲ ದಿನ ಯಾವುದು, ಕೊನೆಯ ದಿನ ಯಾವುದು? ಕೊಬ್ಬರಿ ಮಾರಿದ್ದಕ್ಕೆ ಬಿಲ್ ಇಲ್ಲದಿದ್ದರೆ ಸಾಲ ಇತ್ತೆಂದು ಕೋರ್ಟು ಊಹಿಸಿಕೊಳ್ಳುತ್ತದೆಯೇ? ಒಂದೊಂದು ಪ್ರಶ್ನೆಗೂ "ಹೌದು", "ಇಲ್ಲ", ಒಂದು ಕೋರ್ಟಿನ ಹೆಸರು ಅಥವಾ ಒಂದು ತಾರೀಕು ಉತ್ತರವಾಗಿ ಬರುವಂತಿರಬೇಕು. ಕೊನೆಯ ದಿನದ ಲೆಕ್ಕವನ್ನು ನೀವೇ ಮಾಡಿ ಇಲ್ಲಿ ಹಾಕಿ, ನೋಡೋಣ.

ಅಂತರಗಂಗೆ (ಕೋಲಾರ)

ಶಿರಾಗೇಟ್ ಹೇಳಿದ ಪ್ರಶ್ನೆಗಳು ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ಕಾಯ್ದೆಯ ಪಠ್ಯ. ತೀರ್ಪು ಅದರ ನಂತರ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ ಉಚಿತ. ರಾಜ್ಯದ ಕಾಯ್ದೆಗಳಿಗೆ ಕರ್ನಾಟಕ ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣ ನೋಡಿ. ಕಲಂ ಓದುವಾಗ ಅದರ ಪರಂತುಕ ("ಆದರೆ" ಎಂದು ಶುರುವಾಗುವ ಷರತ್ತು), ವಿವರಣೆ, ಅಡಿಟಿಪ್ಪಣಿಯ ತಿದ್ದುಪಡಿ ದಿನಾಂಕ ಮೂರನ್ನೂ ಓದಬೇಕು. ಹೆಚ್ಚಿನ ಜಗಳಗಳಿಗೆ ಉತ್ತರ ಪರಂತುಕದಲ್ಲೇ ಇರುತ್ತದೆ. ಆಮೇಲೆ ಅದೇ ಕಾಯ್ದೆಯ ವ್ಯಾಖ್ಯೆಗಳ ಕಲಂ.

ಈ ಚೆಕ್ ಫೈಲಿಗೆ ಎನ್.ಐ. ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ) 138 (ಚೆಕ್ ಬೌನ್ಸ್ ಅಪರಾಧ), 139 (ಸಾಲ ಇತ್ತೆಂಬ ಊಹೆ), 142 (ದೂರು ಹಾಕುವುದು) ಮೂರು ಕಲಂ ಪೂರ್ತಿ ಓದಿದರೆ ಮೊದಲ ಮೂರು ಪ್ರಶ್ನೆಗೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ. 142(2) ರ ಪ್ರಕಾರ, ಚೆಕ್ಕನ್ನು ಖಾತೆಯ ಮೂಲಕ ವಸೂಲಿಗೆ ಹಾಕಿದ್ದರೆ ಹಣ ಪಡೆಯುವವನ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟು. ಅಂದರೆ ತುಮಕೂರು.

ಕ್ರಿಮಿನಲ್ ವಿಷಯಕ್ಕೆ ಇನ್ನೊಂದು ಎಚ್ಚರ. 1-7-2024 ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಭಾರತೀಯ ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) ಬಂದಿವೆ. ಅಪರಾಧ ನಡೆದ ದಿನ ಅದಕ್ಕಿಂತ ಹಿಂದಿನದಾದರೆ ಅಪರಾಧದ ಕಲಂ ಐಪಿಸಿಯದ್ದೇ. ವಂಚನೆಗೆ 420 ಅಂತ ಹುಡುಕಿದರೆ ಹಳೆಯ ತೀರ್ಪು ಮಾತ್ರ ಸಿಗುತ್ತವೆ, ಹೊಸದರಲ್ಲಿ ಅದು 318(4). ನಿರೀಕ್ಷಣಾ ಜಾಮೀನು 438 ಇದ್ದದ್ದು 482 ಆಗಿದೆ. ಹಳೆಯ ಸಿಆರ್‌ಪಿಸಿಯಲ್ಲಿ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅದು ಈಗ 528. ಈ ಒಂದು ಸಂಖ್ಯೆಯಿಂದಲೇ ಎಷ್ಟೋ ನೋಟುಗಳು ಹಾಳಾಗುತ್ತವೆ. ಸಂಖ್ಯೆಯ ಜೊತೆ ಕಾಯ್ದೆಯ ಹೆಸರು ಬರೆಯದೆ ಬಿಡಬೇಡಿ. ಹಳೆ, ಹೊಸ ಎರಡೂ ಸಂಖ್ಯೆ ಹಾಕಿ ಎರಡು ಸಲ ಹುಡುಕಿ.

ಹುಡುಕುವ ತಂತ್ರ: ಉಚಿತ ತಾಣಗಳಲ್ಲಿ ಇಂಡಿಯನ್ ಕಾನೂನ್ ಮತ್ತು ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ (ಅದರ ಅಧಿಕೃತ ತೀರ್ಪು ವರದಿಗಳ ತಾಣ) ಎರಡು ಸಾಕು. ಇಂಡಿಯನ್ ಕಾನೂನಿನಲ್ಲಿ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಎರಡು ಪದಗುಚ್ಛ ಸೇರಿಸಬೇಕಾದರೆ ನಡುವೆ ಇಂಗ್ಲಿಷಿನ "ಆ್ಯಂಡ್" ಪದವನ್ನು ದೊಡ್ಡಕ್ಷರದಲ್ಲಿ, ಕೊನೆಯ ಅಕ್ಷರವನ್ನು ಎರಡು ಸಲ ಒತ್ತಿ ಬರೆಯಬೇಕು. "ಆರ್", "ನಾಟ್" ಕೂಡ ಹಾಗೆಯೇ. ಮಾಮೂಲಿ "ಆ್ಯಂಡ್" ಬರೆದರೆ ಅದನ್ನು ಸಾಧಾರಣ ಪದವೆಂದು ತೆಗೆದುಕೊಳ್ಳುತ್ತದೆ, ಫಲಿತಾಂಶ ಸಾವಿರಗಟ್ಟಲೆ ಬರುತ್ತದೆ. ಕೋರ್ಟನ್ನು ಕರ್ನಾಟಕ ಹೈಕೋರ್ಟಿಗೆ ಸೀಮಿತ ಮಾಡಿ, ಹೊಸದು ಮೊದಲು ಬರುವಂತೆ ಜೋಡಿಸಿ.

ಊರಿನ ಹೆಸರಿನಲ್ಲಿ ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತವನ್ನೂ ಹಾಕಿ ನೋಡಿ. ತುಮಕೂರಿಗೆ ಅಧಿಕೃತವಾಗಿ ಈಗಿನ ಕಾಗುಣಿತ ಬಂದದ್ದು 2014 ರ ನವೆಂಬರ್ 1 ರಂದು. ಅದರ ಹಿಂದಿನ ತೀರ್ಪುಗಳೆಲ್ಲ "ಟುಮ್ಕೂರ್" ಕಾಗುಣಿತದಲ್ಲೇ ಇವೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಅಂತರಗಂಗೆ ಸರ್, ಒಂದು ಮಾತು ಒಪ್ಪುವುದಿಲ್ಲ. ಹೊಸಬರನ್ನು ಬರೀ ಕಾಯ್ದೆಯ ಪಠ್ಯದ ಮುಂದೆ ಕೂರಿಸಿದರೆ ದಿಕ್ಕು ತಪ್ಪುತ್ತಾರೆ. ಮೊದಲು ಆ ವಿಷಯದ ಒಂದು ವ್ಯಾಖ್ಯಾನ ಗ್ರಂಥ ತೆಗೆದು, ಆ ಕಲಂ ಕೆಳಗಿನ ಹತ್ತಿಪ್ಪತ್ತು ಪುಟ ಓದಬೇಕು. ವಕೀಲರ ಸಂಘದ ಗ್ರಂಥಾಲಯದಲ್ಲಿ, ಕಚೇರಿಯ ಕಪಾಟಿನಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಲಿಮಿಟೇಷನ್ (ಕಾಲಮಿತಿ), ಸಾಕ್ಷ್ಯ ಕಾಯ್ದೆಯ ದಪ್ಪ ಪುಸ್ತಕಗಳು ಇದ್ದೇ ಇರುತ್ತವೆ. ಯಾವ ಪ್ರಶ್ನೆ ಇತ್ಯರ್ಥವಾಗಿದೆ, ಯಾವುದು ಇನ್ನೂ ಜಗಳದಲ್ಲಿದೆ ಅನ್ನುವುದು ಪಠ್ಯ ನೋಡಿದರೆ ಗೊತ್ತಾಗುವುದಿಲ್ಲ, ವ್ಯಾಖ್ಯಾನ ನೋಡಿದರೆ ಗೊತ್ತಾಗುತ್ತದೆ. ಹುಡುಕಲು ಬೇಕಾದ ಪದಗಳೂ ಅಲ್ಲೇ ಸಿಗುತ್ತವೆ.

ಕರ್ನಾಟಕದ ವಿಷಯವಾದರೆ ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್ ಎಂಬ ತೀರ್ಪು ವರದಿ ಪತ್ರಿಕೆಗಳ ವಾರ್ಷಿಕ ಸೂಚಿ ನೋಡುವುದನ್ನು ಕಲಿಯಿರಿ. ಭೂಮಿ, ಬಾಡಿಗೆ, ಸಹಕಾರಿ ಸಂಘಗಳ ವಿಷಯಕ್ಕೆ ಸೂಚಿ ಹಿಡಿದರೆ ಸಿಗುವಷ್ಟು ಬೇಗ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ.

ಅಂತರಗಂಗೆ (ಕೋಲಾರ)

ವ್ಯಾಖ್ಯಾನ ಬೇಡ ಅಂದಿಲ್ಲ ಸರ್. ಮುದ್ರಣದ ವರ್ಷ ನೋಡದೆ ಅದನ್ನೇ ನಂಬುವುದು ಬೇಡ ಅಂತಷ್ಟೇ. ಕಪಾಟಿನಲ್ಲಿರುವ ಎನ್.ಐ. ಕಾಯ್ದೆಯ ಪುಸ್ತಕ 2014 ರ ಕೊನೆಯಲ್ಲಿ ಅಚ್ಚಾದದ್ದಾದರೆ ಅದರಲ್ಲಿ ದಶರಥ್ ರೂಪ್‌ಸಿಂಗ್ ರಾಥೋಡ್ ತೀರ್ಪು (2014) 9 ಎಸ್‌ಸಿಸಿ 129 (ಎಸ್‌ಸಿಸಿ ಅಂದರೆ ಸುಪ್ರೀಂ ಕೋರ್ಟ್ ಕೇಸಸ್ ಎಂಬ ತೀರ್ಪು ವರದಿ ಪತ್ರಿಕೆ; ಅಂಕಿಗಳು ವರ್ಷ, ಸಂಪುಟ, ಪುಟ) ಕೊನೆಯ ಮಾತು ಎಂಬಂತೆ ಇರುತ್ತದೆ. ಅದರ ಪ್ರಕಾರ ದೂರು ತಿಪಟೂರಿಗೆ ಹೋಗಬೇಕು. ಮರುವರ್ಷ ಸಂಸತ್ತು 142(2) ಸೇರಿಸಿ ಅದನ್ನು ತಿರುಗಿಸಿತು. ಪುಸ್ತಕ ಓದಿ, ಕೂಡಲೇ ಇಂಡಿಯಾ ಕೋಡಿನಲ್ಲಿ ಇವತ್ತಿನ ಪಠ್ಯಕ್ಕೆ ತಾಳೆ ನೋಡಿ. ಆಗ ನಮ್ಮಿಬ್ಬರ ಮಾತೂ ನಡೆಯುತ್ತದೆ.

ಶಿರಾಗೇಟ್ (ತುಮಕೂರು)

ತೀರ್ಪು ಸಿಕ್ಕಿತು ಅಂದಮೇಲೆ ಅದು ಇವತ್ತಿಗೂ ನಿಂತಿದೆಯೇ ಎಂದು ನೋಡುವುದು ಪ್ಯಾರಾಲೀಗಲ್ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು. ಬಿದ್ದುಹೋದ ತೀರ್ಪನ್ನು ವಕೀಲರ ಕೈಗೆ ಕೊಟ್ಟರೆ ಎದುರಾಳಿ ಅದನ್ನು ಎರಡೇ ನಿಮಿಷದಲ್ಲಿ ತೋರಿಸುತ್ತಾರೆ, ಆಮೇಲೆ ಆ ದಿನ ನಮ್ಮ ಉಳಿದ ವಾದಕ್ಕೂ ಬೆಲೆ ಇರುವುದಿಲ್ಲ.

ತೀರ್ಪು ಬೀಳುವ ರೀತಿ ಒಂದೇ ಅಲ್ಲ.

ಪೂರ್ತಿ ರದ್ದಾಗುವುದು: ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ (2016) 2 ಎಸ್‌ಸಿಸಿ 36 ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. 2020 ರ ಆಗಸ್ಟ್ 11 ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ (2020) 9 ಎಸ್‌ಸಿಸಿ 1 ರಲ್ಲಿ ಅದನ್ನು ತಳ್ಳಿಹಾಕಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005 ರಲ್ಲಿ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತು ಎಂಬ ಷರತ್ತು ಹೋಯಿತು. ವಿಭಾಗದ ದಾವೆಯಲ್ಲಿ ಹಳೆಯ ಕರಡನ್ನೇ ನಕಲು ಮಾಡಿದರೆ ಆ ಷರತ್ತು ಹಾಗೇ ಉಳಿದುಬಿಡುತ್ತದೆ.

ಭಾಗಶಃ ಬೀಳುವುದು: ಇದನ್ನು ಗುರುತಿಸುವುದೇ ಕಷ್ಟ. ಕೃಷ್ಣ ಜನಾರ್ದನ ಭಟ್ (2008) 4 ಎಸ್‌ಸಿಸಿ 54 ಇಬ್ಬರ ಪೀಠ. ಸಾಲ ಇತ್ತು ಎಂಬ ಊಹೆಯೇ 139 ರೊಳಗೆ ಬರುವುದಿಲ್ಲ ಎಂದು ಅದು ಹೇಳಿತ್ತು. ರಂಗಪ್ಪ ವಿರುದ್ಧ ಶ್ರೀ ಮೋಹನ್ (2010) 11 ಎಸ್‌ಸಿಸಿ 441 ರಲ್ಲಿ ಮೂವರ ಪೀಠ, ಅಷ್ಟು ಮಟ್ಟಿಗೆ ಅದು ಸರಿಯಲ್ಲ, ಊಹೆಯಲ್ಲಿ ಸಾಲದ ಅಸ್ತಿತ್ವವೂ ಸೇರಿದೆ ಎಂದಿತು. ಆದರೆ ಆ ಊಹೆಯನ್ನು ಆರೋಪಿ ಮುರಿಯಬಹುದು, ಸಂಭವನೀಯತೆಯ ಮಟ್ಟದಲ್ಲಿ ತೋರಿಸಿದರೆ ಸಾಕು ಎಂಬ ಭಾಗ ಉಳಿದಿದೆ. ನಗದು ಸಾಲದ ಪ್ರಕರಣದಲ್ಲಿ ದೂರುದಾರನಿಗೆ ಅಷ್ಟು ಕೊಡುವ ಶಕ್ತಿ ಇತ್ತೇ ಎಂಬ ಪ್ರಶ್ನೆಗೆ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ (2019) 5 ಎಸ್‌ಸಿಸಿ 418 ನೋಡಿ. ನಮ್ಮ ಕೊಬ್ಬರಿ ಫೈಲಿನಲ್ಲಿ ಎದುರಾಳಿ ಹಿಡಿಯುವುದು ಬಹುಶಃ ಇದನ್ನೇ. ಇದು ನಗದು ಸಾಲವಲ್ಲ, ಮಾಲು ಮಾರಿದ ಬಾಕಿ ಎಂದು ತೋರಿಸಲು ತೂಕದ ಚೀಟಿ, ಎಪಿಎಂಸಿ ರಸೀದಿ, ಲಾರಿ ಬಾಡಿಗೆ ಚೀಟಿ ಯಾವುದಿದ್ದರೂ ಹುಡುಕಿಸಿ ತರಿಸಿ.

ಶಾಸನದಿಂದ ಬೀಳುವುದು: ಮೇಲೆ ಹೇಳಿದ ದಶರಥ್ ಹಾಗೆ.

ಮೇಲ್ಮನವಿಯಲ್ಲಿ ತಡೆ: ಹೈಕೋರ್ಟ್ ತೀರ್ಪು ಸಿಕ್ಕರೆ, ಸುಪ್ರೀಂ ಕೋರ್ಟಿನ ತಾಣದಲ್ಲಿ ಕೆಳಗಿನ ಕೋರ್ಟಿನ ಪ್ರಕರಣ ಸಂಖ್ಯೆ ಹಾಕಿ ಹುಡುಕುವ ಸೌಲಭ್ಯವಿದೆ. ಏಕಸದಸ್ಯ ಪೀಠದ ತೀರ್ಪಾಗಿದ್ದರೆ ವಿಭಾಗೀಯ ಪೀಠಕ್ಕೆ ರಿಟ್ ಅಪೀಲು ಹೋಗಿದೆಯೇ ಎಂದು ಹೈಕೋರ್ಟ್ ತಾಣದಲ್ಲೂ ನೋಡಿ.

ಮಾಡುವ ಕ್ರಮ: ತೀರ್ಪಿನ ಪುಟದಲ್ಲಿ "ಇದನ್ನು ಉಲ್ಲೇಖಿಸಿದ ತೀರ್ಪುಗಳು" ತೆರೆಯಿರಿ. ಮೊದಲು ಸುಪ್ರೀಂ ಕೋರ್ಟ್, ಆಮೇಲೆ ಕರ್ನಾಟಕ ಹೈಕೋರ್ಟ್, ಹೊಸದರಿಂದ ಹಳೆಯದಕ್ಕೆ ಬನ್ನಿ. ಪೀಠದಲ್ಲಿ ಎಷ್ಟು ಜನ ಎಂದು ಪ್ರತಿಯೊಂದಕ್ಕೂ ಬರೆದುಕೊಳ್ಳಿ. ಸಮಾನ ಬಲದ ಪೀಠ ಹಿಂದಿನದನ್ನು ರದ್ದು ಮಾಡಲಾಗದು, ದೊಡ್ಡ ಪೀಠಕ್ಕೆ ಕಳುಹಿಸಬಹುದು ಅಷ್ಟೆ. ಬೇರೆ ರಾಜ್ಯದ ಹೈಕೋರ್ಟ್ ತೀರ್ಪು ತುಮಕೂರಿನ ಕೋರ್ಟಿಗೆ ಮನವರಿಕೆಯ ಮಟ್ಟದ್ದು, ಬದ್ಧಗೊಳಿಸುವಂಥದ್ದಲ್ಲ. ಕರ್ನಾಟಕದ್ದು ಸಿಗದಿದ್ದಾಗ ಮಾತ್ರ ಕೊಡಿ, ಹಾಗೆಂದು ನೋಟಿನಲ್ಲಿ ಬರೆಯಿರಿ.

ಹೆಬ್ಬೂರು_ಓದುಗಿ

ಎಲ್ಲರಿಗೂ ಧನ್ಯವಾದ. ವಿನೀತಾ ಶರ್ಮಾ ತೆರೆದು ನೋಡಿದೆ, ನೂರಾರು ಪ್ಯಾರಾ ಇವೆ. ಇಷ್ಟುದ್ದದ ತೀರ್ಪು ಓದುವ ಕ್ರಮ ಏನು? ಮೇಲೆ ಕೊಟ್ಟ ಸಾರಾಂಶ, ಅಂದರೆ ತಲೆಟಿಪ್ಪಣಿ (ಹೆಡ್‌ನೋಟ್) ಓದಿದರೆ ಸಾಕೇ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಸಾಲದು ಅಮ್ಮ. ತಲೆಟಿಪ್ಪಣಿ ಬರೆಯುವವರು ಪತ್ರಿಕೆಯ ಸಂಪಾದಕರು. ಅದು ತೀರ್ಪಿನ ಭಾಗವಲ್ಲ, ಅದನ್ನು ಉದ್ಧರಿಸಬಾರದು.

ಓದುವಾಗ ಮೊದಲ ಎರಡು ಪುಟ, ಆಮೇಲೆ ಕೊನೆಯ ಮೂರು ಪುಟ. ಯಾರು ಗೆದ್ದರು, ಆದೇಶ ಏನು ಎಂದು ತಿಳಿದ ಮೇಲೆ ನಡುವಿನದು ಓದಿದರೆ ಯಾವ ಪ್ಯಾರಾ ಯಾಕಿದೆ ಎಂದು ಗೊತ್ತಾಗುತ್ತದೆ. ನಡುವಿನ ಭಾಗಕ್ಕೆ ಮೂರು ಬಣ್ಣದ ಪೆನ್ಸಿಲು ಇಟ್ಟುಕೊಳ್ಳಿ. ಒಂದು ವಕೀಲರ ವಾದಕ್ಕೆ, ಒಂದು ಹಳೆಯ ತೀರ್ಪುಗಳಿಂದ ಎತ್ತಿದ ಭಾಗಕ್ಕೆ, ಒಂದು ಈ ಕೋರ್ಟು ತಾನೇ ಹೇಳಿದ್ದಕ್ಕೆ. ಹೊಸಬರ ನೋಟುಗಳಲ್ಲಿ ಹೆಚ್ಚು ಕಾಣುವ ತಪ್ಪು ಇದೇ: ಮೇಲ್ಮನವಿದಾರರ ವಕೀಲರು ಹೇಳಿದ್ದನ್ನು "ಸುಪ್ರೀಂ ಕೋರ್ಟ್ ಹೇಳಿದೆ" ಎಂದು ಬರೆಯುವುದು. "ಕಲಿತ ವಕೀಲರು ವಾದಿಸಿದರು" ಎಂದು ಶುರುವಾದ ಪ್ಯಾರಾದ ಮುಂದಿನ ಆರೇಳು ಪ್ಯಾರಾ ಕೂಡ ವಾದವೇ ಆಗಿರಬಹುದು. ಭಿನ್ನಮತದ ತೀರ್ಪನ್ನು ಬಹುಮತದ್ದೆಂದು ಎತ್ತುವುದು ಎರಡನೆಯದು.

ಮೂರನೆಯ ಬಣ್ಣದಲ್ಲೂ ಎಲ್ಲವೂ ಬದ್ಧವಲ್ಲ. ಆ ಪ್ರಕರಣ ತೀರ್ಮಾನಿಸಲು ಬೇಕೇ ಬೇಕಾಗಿದ್ದ ಕಾರಣ ಮಾತ್ರ ನಿರ್ಣಾಯಕ ತತ್ವ, ಉಳಿದದ್ದು ಪ್ರಾಸಂಗಿಕ ಮಾತು. ಪರೀಕ್ಷೆ ಹೀಗೆ: ಆ ವಾಕ್ಯವನ್ನು ತೆಗೆದುಬಿಟ್ಟರೆ ಫಲಿತಾಂಶ ಬದಲಾಗುತ್ತದೆಯೇ? ಬದಲಾಗದಿದ್ದರೆ ಅದು ಪ್ರಾಸಂಗಿಕ.

ಒಂದು ತೀರ್ಪಿಗೆ ಒಂದೇ ಪುಟದ ಸಾರ. ಅದರಲ್ಲಿ ಹೆಸರು, ಉಲ್ಲೇಖ, ದಿನಾಂಕ, ಪೀಠದ ಸಂಖ್ಯೆ, ಸಂಗತಿ ಐದು ಸಾಲು, ಪ್ರಶ್ನೆ, ಉತ್ತರ, ಕಾರಣ ಪ್ಯಾರಾ ಸಂಖ್ಯೆಯೊಡನೆ. ಕೊನೆಗೆ "ನಮ್ಮ ಸಂಗತಿಗೂ ಇದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ" ಎಂದು ಎರಡು ಸಾಲು. ಈ ಕೊನೆಯ ಎರಡು ಸಾಲಿಗಾಗಿಯೇ ವಕೀಲರು ನಿಮಗೆ ಸಂಬಳ ಕೊಡುವುದು. ಪ್ಯಾರಾ ಸಂಖ್ಯೆ ಎಸ್‌ಸಿಸಿಯದೋ, ಕೋರ್ಟಿನ ತಾಣದ ಪ್ರತಿಯದೋ ಎಂದು ಬರೆಯಿರಿ, ಎರಡರಲ್ಲೂ ಅದು ಒಂದೇ ಆಗಿರಬೇಕಿಲ್ಲ. ಈಚಿನ ತೀರ್ಪುಗಳಿಗೆ ತಟಸ್ಥ ಉಲ್ಲೇಖವೂ (ಕೋರ್ಟು ತಾನೇ ಕೊಡುವ ಸಂಖ್ಯೆ) ಇರುತ್ತದೆ. ಸುಪ್ರೀಂ ಕೋರ್ಟಿನದು ವರ್ಷದ ಮುಂದೆ "ಐಎನ್‌ಎಸ್‌ಸಿ", ನಮ್ಮ ಹೈಕೋರ್ಟಿನದು "ಕೆಎಚ್‌ಸಿ". ಧಾರವಾಡ ಪೀಠದ್ದಕ್ಕೆ ಕೊನೆಗೆ "ಡಿ", ಕಲಬುರಗಿಯದಕ್ಕೆ "ಕೆ" ಸೇರುತ್ತದೆ.

ದೇವರಾಯನದುರ್ಗ (ತುಮಕೂರು)

ನಮ್ಮ ಮೂರು ಜಿಲ್ಲೆಯಲ್ಲಿ ಕಚೇರಿಗೆ ಬರುವ ಫೈಲುಗಳಲ್ಲಿ ಜಮೀನಿನವು ತುಂಬ. ಅಲ್ಲಿ ತೀರ್ಪಿಗಿಂತ ದಾಖಲೆಯ ಹುಡುಕಾಟ ದೊಡ್ಡದು, ಅದನ್ನೂ ಇಲ್ಲಿ ಹೇಳದಿದ್ದರೆ ಕೊರತೆಯಾಗುತ್ತದೆ.

ಪಹಣಿಯಲ್ಲಿ 9 ನೇ ಕಾಲಂ ಹಿಡುವಳಿದಾರ, 10 ಹಕ್ಕು ಬಂದ ಬಗೆ, 11 ಇತರ ಹಕ್ಕು ಮತ್ತು ಋಣ, 12(2) ಸಾಗುವಳಿದಾರ. 10 ನೇ ಕಾಲಂನಲ್ಲಿರುವ ಮ್ಯುಟೇಷನ್ (ಹಕ್ಕು ಬದಲಾವಣೆ) ಸಂಖ್ಯೆ ಹಿಡಿದು ಆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಪ್ರತಿ ತರಿಸಿ, ಅದು ಯಾವ ಕ್ರಯಪತ್ರದ ಮೇಲೆ ಆಗಿದೆ ಎಂದು ನೋಡಿ, ಆ ಕ್ರಯಪತ್ರದಿಂದ ಅದರ ಹಿಂದಿನದಕ್ಕೆ ಹೋಗಿ. ಹೀಗೆ ಹಿಂದಕ್ಕೆ ಹೋಗುತ್ತಾ ಸರಪಳಿ ಕಟ್ಟಬೇಕು. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ (ಇ.ಸಿ.) 1-4-2004 ರಿಂದ ಈಚೆಗೆ ಮಾತ್ರ ಸಿಗುತ್ತದೆ. ಅದಕ್ಕೆ ಹಿಂದಿನದು ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಸೂಚಿಯಿಂದಲೇ. ನಮೂನೆ 15 ಬಂದರೆ ವ್ಯವಹಾರಗಳಿವೆ, ನಮೂನೆ 16 ಬಂದರೆ ಇಲ್ಲ. ಆದರೆ ಸರ್ವೆ ನಂಬರು ತಪ್ಪು ಕೊಟ್ಟರೂ 16 ಬರುತ್ತದೆ. ಪೋಡಿಯಾದ (ಸರ್ವೆ ನಂಬರು ಭಾಗವಾದ) ಮೇಲೆ ಹೊಸ ಹಿಸ್ಸಾ ನಂಬರು ಬಂದಿದ್ದರೆ ಹಳೆ ನಂಬರು, ಹೊಸ ನಂಬರು ಎರಡಕ್ಕೂ ತೆಗೆಸಿ.

ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007 ರಲ್ಲಿ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿಯ ಹಳೆಯ ಆದೇಶಗಳಲ್ಲಿ "ಕೋಲಾರ ಜಿಲ್ಲೆ" ಎಂದೇ ಇರುತ್ತದೆ. ಷೆಡ್ಯೂಲ್ ಬರೆಯುವಾಗ "ಹಿಂದಿನ ಕೋಲಾರ ಜಿಲ್ಲೆ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ" ಎಂದು ಎರಡೂ ಹಾಕಿ.

ಮಂಜೂರಾತಿ ಜಮೀನು ಅಂದರೆ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ರಾಜ್ಯದ ಕಾಯ್ದೆ) ಪ್ರಶ್ನೆ ಬಂದೇ ಬರುತ್ತದೆ. 1978 ರ ಕಾಯ್ದೆ, 1-1-1979 ರಿಂದ ಜಾರಿ. ಕಲಂ 5 ರ ಅರ್ಜಿ ಉಪವಿಭಾಗಾಧಿಕಾರಿಗೆ, 5ಎ ಮೇಲ್ಮನವಿ ಜಿಲ್ಲಾಧಿಕಾರಿಗೆ. ಹುಡುಕಾಟಕ್ಕೆ ಮೊದಲು ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಕೈಗೆ ಬರಬೇಕು: ಮಂಜೂರಾದ ದಿನ, ಪರಭಾರೆ ನಿಷೇಧದ ಅವಧಿ, ಉಚಿತವೋ ಬೆಲೆ ಕಟ್ಟಿದ್ದೋ, ಮಂಜೂರುದಾರರ ಜಾತಿ. ಆಮೇಲೆ ಮೊದಲ ಮಾರಾಟದ ದಿನ, ಸರ್ಕಾರದ ಪೂರ್ವಾನುಮತಿ ಇತ್ತೇ, ಅರ್ಜಿ ಹಾಕಿದ ದಿನ. ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ (2020) 14 ಎಸ್‌ಸಿಸಿ 232 ರಲ್ಲಿ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಎಂದಿತ್ತು. 2023 ರಲ್ಲಿ ರಾಜ್ಯ ಕಲಂ 5(1) ಕ್ಕೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸೇರಿಸಿತು. ಆದ್ದರಿಂದ ಈ ವಿಷಯಕ್ಕೆ ತೀರ್ಪು ತೆಗೆಯುವಾಗ ಅದು ತಿದ್ದುಪಡಿಗೆ ಹಿಂದಿನದೋ ಮುಂದಿನದೋ ಎಂದು ಮೇಲುಗಡೆಯೇ ಬರೆಯಬೇಕು, ಮುಂದಿನದಾದರೆ ತಿದ್ದುಪಡಿಯನ್ನು ಅದು ಚರ್ಚಿಸಿದೆಯೇ ಎಂದು ನೋಡಬೇಕು. 2023 ರ ನಂತರದ ಹೈಕೋರ್ಟ್ ತೀರ್ಪುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ವಿಭಾಗೀಯ ಪೀಠದವನ್ನು ಬೇರೆ ಮಾಡಿ ಕೊಡಿ.

ಅಂತರಗಂಗೆ (ಕೋಲಾರ)

ಬರವಣಿಗೆಯ ವಿಷಯಕ್ಕೆ ಬರುತ್ತೇನೆ.

ಕಚೇರಿಯ ಒಳಗಿನ ನೋಟ್ ಬೇರೆ, ಕೋರ್ಟಿಗೆ ಹೋಗುವ ಕರಡು ಬೇರೆ. ನೋಟಿನಲ್ಲಿ ನಮ್ಮ ದೌರ್ಬಲ್ಯ ಬರೆಯಲೇಬೇಕು, ಕರಡಿನಲ್ಲಿ ಅದು ಬರುವಂತಿಲ್ಲ. ಎರಡನ್ನೂ ಒಂದೇ ಫೈಲಿನಲ್ಲಿ ಟೈಪ್ ಮಾಡಿ ನೋಟಿನ ಸಾಲು ದಾವಾಪತ್ರಕ್ಕೆ ಸೇರಿಬಿಟ್ಟರೆ ಆಗುವ ಅನಾಹುತ ದೊಡ್ಡದು. ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಇರಲಿ.

ನೋಟಿನ ಕ್ರಮ: ಪ್ರಶ್ನೆ ಒಂದು ವಾಕ್ಯ. ಉತ್ತರ ಎರಡು ವಾಕ್ಯ, ಮೊದಲ ಅರ್ಧ ಪುಟದಲ್ಲೇ. ವಕೀಲರು ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಓದುವುದು ಅಷ್ಟನ್ನೇ. ಆಮೇಲೆ ಸಂಗತಿ, ದಾಖಲೆಯ ಪುಟ ಸಂಖ್ಯೆಯೊಡನೆ. ಆಮೇಲೆ ಕಾಯ್ದೆ, ಬೇಕಾದ ಪದಗಳು ಮಾತ್ರ ಇದ್ದಂತೆ. ಆಮೇಲೆ ತೀರ್ಪುಗಳನ್ನು ನಮ್ಮ ಸಂಗತಿಗೆ ಹಚ್ಚುವುದು. ಎದುರಾಳಿ ಏನನ್ನುತ್ತಾನೆ, ಅದಕ್ಕೆ ಏನಿದೆ. ಕೊನೆಗೆ ಇನ್ನೂ ಏನು ಬೇಕು. ಎರಡು ಮೂರು ಪುಟ ಮೀರಬಾರದು.

ಕರಡಿಗೆ ಸಿಪಿಸಿ ಆದೇಶ 6 ನಿಯಮ 2 ಮನಸ್ಸಿನಲ್ಲಿರಲಿ: ಮುಖ್ಯ ಸಂಗತಿ ಬರೆಯಬೇಕು, ಅದನ್ನು ಸಾಬೀತು ಮಾಡುವ ಸಾಕ್ಷ್ಯವನ್ನಲ್ಲ. ಒಂದು ಪ್ಯಾರಾಕ್ಕೆ ಒಂದು ಸಂಗತಿ. ಕನ್ನಡ ಕರಡುಗಳಲ್ಲಿ ಒಂದೇ ವಾಕ್ಯ ಪುಟ ತುಂಬುತ್ತದೆ: "...ಕೊಟ್ಟಿದ್ದು, ಸದರಿ ಚೆಕ್ಕನ್ನು ಹಾಜರುಪಡಿಸಿದ್ದು, ಅದು ಹಿಂದಿರುಗಿದ್ದು, ತದನಂತರ ನೋಟೀಸು ನೀಡಿದ್ದು, ಆದಾಗ್ಯೂ ಪಾವತಿಸದೆ..." ಹೀಗೆ ಬರೆದರೆ ಎದುರು ಪಕ್ಷ "3 ನೇ ಪ್ಯಾರಾ ಅಲ್ಲಗಳೆಯುತ್ತೇವೆ" ಎಂದು ಒಂದೇ ಸಾಲಿನಲ್ಲಿ ಎಲ್ಲವನ್ನೂ ನಿರಾಕರಿಸುತ್ತದೆ. ಒಡೆದು ಬರೆಯಿರಿ: "ಆರೋಪಿಯು 2-1-2025 ರ ದಿನಾಂಕವಿರುವ, 3,50,000 ರೂಪಾಯಿಯ ಚೆಕ್ ನೀಡಿದರು." ಮುಂದಿನ ಪ್ಯಾರಾ: "ದೂರುದಾರರು ಅದನ್ನು 20-3-2025 ರಂದು ತಮ್ಮ ತುಮಕೂರು ಶಾಖೆಯ ಖಾತೆಗೆ ಹಾಕಿದರು." ಒಂದೊಂದನ್ನೂ ಬೇರೆ ಬೇರೆ ಒಪ್ಪಬೇಕಾಗುತ್ತದೆ ಅಥವಾ ನಿರಾಕರಿಸಬೇಕಾಗುತ್ತದೆ. "ಸದರಿ" ಪದ ಒಂದೇ ಪುಟದಲ್ಲಿ ಇಬ್ಬರನ್ನು, ಎರಡು ಜಮೀನನ್ನು ಸೂಚಿಸುವಂತಿದ್ದರೆ ತೆಗೆದು ಹೆಸರು ಹಾಕಿ.

ಚೆಕ್ ನೋಟೀಸಿನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು. ಬಡ್ಡಿ, ನೋಟೀಸು ಖರ್ಚು ಕೇಳುವುದಾದರೆ ಬೇರೆ ಸಾಲಿನಲ್ಲಿ, ಬಿಡಿಸಿ. ಮೊತ್ತ ತಪ್ಪಿದ್ದರೆ, ಟೈಪಿಂಗ್ ತಪ್ಪೇ ಆಗಿದ್ದರೂ, ನೋಟೀಸು ಊರ್ಜಿತವಲ್ಲ ಎಂದು 2025 ರಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟೈಪ್ ಮಾಡುವವರು ನೀವೇ ಆದ್ದರಿಂದ ಮೊತ್ತವನ್ನು ಚೆಕ್ಕಿಗೆ ಇಟ್ಟು ಅಂಕಿ, ಅಕ್ಷರ ಎರಡನ್ನೂ ಇನ್ನೊಬ್ಬರಿಂದ ಓದಿಸಿ. ಅದೇ ವರ್ಷ ಸಂಜಬಿಜ್ ತಾರಿ ಪ್ರಕರಣದಲ್ಲಿ, 138 ರ ದೂರಿನ ಮುಂಭಾಗದಲ್ಲಿ, ಸೂಚಿಯ ನಂತರ, ನಿಗದಿತ ನಮೂನೆಯ ಸಾರಾಂಶ ಇರಬೇಕೆಂದೂ ನಿರ್ದೇಶನ ಬಂದಿದೆ. ಹಳೆಯ ಕರಡುಗಳಲ್ಲಿ ಅದು ಇರುವುದಿಲ್ಲ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ವಾಟ್ಸ್ಆ್ಯಪ್ ಸಂದೇಶ, ಕರೆ ಧ್ವನಿಮುದ್ರಣ ಪ್ರಿಂಟ್ ಮಾಡಿ ಹಾಕುವುದಿದ್ದರೆ ಬಿಎಸ್‌ಎ 63(4) ರ ಪ್ರಮಾಣಪತ್ರ ಮರೆಯಬೇಡಿ. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ನಮೂನೆ ನಡೆಯುವುದಿಲ್ಲ. ಈಗ ಎ ಮತ್ತು ಬಿ ಎರಡು ಭಾಗಗಳಿವೆ, ಬಿ ಭಾಗಕ್ಕೆ ತಜ್ಞರ ಸಹಿ, ಜೊತೆಗೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ). ಮೂಲ ಫೋನನ್ನು ಫಾರ್ಮ್ಯಾಟ್ ಮಾಡದಂತೆ ಕಕ್ಷಿದಾರರಿಗೆ ಮೊದಲ ದಿನವೇ ಹೇಳಿ.

ದೇವರಾಯನದುರ್ಗ (ತುಮಕೂರು)

ಎರಡು ಗಡಿ. ವಕೀಲರ ಕಾಯ್ದೆ 1961 ರ ಪ್ರಕಾರ ವಕಾಲತ್ತು ಮಾಡುವ ಹಕ್ಕು ವಕೀಲರಿಗೆ ಮಾತ್ರ, ಕಲಂ 45 ರಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. "ನಿಮ್ಮ ಕೇಸು ಗೆಲ್ಲುತ್ತದೆ, ರಾಜಿ ಮಾಡಿಕೊಳ್ಳಿ" ಎಂಬ ಸಲಹೆ ಕಕ್ಷಿದಾರರಿಗೆ ನಿಮ್ಮ ಬಾಯಿಂದ ಹೋಗಬಾರದು. ಇನ್ನೊಂದು ಗೌಪ್ಯತೆ: ಬಿಎಸ್‌ಎ ಕಲಂ 132 ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ಕ್ಯಾಂಟೀನಿನಲ್ಲಿ ಫೈಲಿನ ಮಾತು ಬೇಡ, ಫೈಲಿನ ಫೋಟೊ ಗ್ರೂಪಿಗೆ ಹಾಕುವುದು ಬೇಡವೇ ಬೇಡ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾಲೀಗಲ್ ಸ್ವಯಂಸೇವಕರ ಕೆಲಸ ಬೇರೆ. ಜನರನ್ನು ಕಾನೂನು ನೆರವಿಗೆ ತಲುಪಿಸುವುದು ಅದರ ಉದ್ದೇಶ. ಅಲ್ಲಿನ ತರಬೇತಿ ನಿಮಗೂ ಉಪಯೋಗ, ಆದರೆ ತೀರ್ಪು ಹುಡುಕುವುದನ್ನು ಅಲ್ಲಿ ನಿರೀಕ್ಷಿಸಬೇಡಿ.

ಶಿರಾಗೇಟ್ (ತುಮಕೂರು)

ಎಐ ಚಾಟ್ ತಂತ್ರಾಂಶ ಕೇಳುವವರಿಗೆ: ಇಲ್ಲದ ತೀರ್ಪಿಗೆ ಹೆಸರು, ಉಲ್ಲೇಖ, ಪ್ಯಾರಾ ಎಲ್ಲ ಕಟ್ಟಿಕೊಡಬಲ್ಲದು ಅದು. 2025 ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳ ಉಲ್ಲೇಖವಿದ್ದು ಹೈಕೋರ್ಟ್ ಅದನ್ನು ಗಂಭೀರವಾಗಿ ಪರಿಗಣಿಸಿತು. ಕೋರ್ಟಿನ ತಾಣದಿಂದ ಪ್ರತಿ ಇಳಿಸಿ ಆ ಪ್ಯಾರಾ ಕಣ್ಣಾರೆ ಓದದೆ ಯಾವ ಉಲ್ಲೇಖವನ್ನೂ ನೋಟಿಗೆ ಹಾಕಬಾರದು.

ಹೆಬ್ಬೂರು_ಓದುಗಿ

ಕೊಬ್ಬರಿ ಫೈಲಿನ ನೋಟ್ ಹೀಗೆ ಬರೆದಿದ್ದೇನೆ, ತಿದ್ದಿ:

"ಪ್ರಶ್ನೆ: ದೂರು ಸಲ್ಲಿಸಲು ಕೊನೆಯ ದಿನ ಯಾವುದು? ಉತ್ತರ: 31-5-2025. ನೋಟೀಸು 15-4-2025 ರಂದು ತಲುಪಿದೆ. 15 ದಿನ 30-4-2025 ಕ್ಕೆ ಮುಗಿಯುತ್ತದೆ. 1-5-2025 ರಂದು ವ್ಯಾಜ್ಯ ಕಾರಣ (ದೂರು ಹಾಕುವ ಹಕ್ಕು) ಹುಟ್ಟುತ್ತದೆ. ಅದನ್ನು ಬಿಟ್ಟು 30 ದಿನ ಎಣಿಸಿದರೆ 31-5-2025. ಮೊದಲ ದಿನವನ್ನು ಬಿಡಬೇಕು ಎಂದು ಹಲವು ತೀರ್ಪುಗಳಿವೆ."

ಶಿರಾಗೇಟ್ (ತುಮಕೂರು)

ಚೆನ್ನಾಗಿದೆ, ಉತ್ತರ ಮೊದಲು ಬಂದಿದೆ. ಮೂರು ತಿದ್ದುಪಡಿ.

"15-4 ರಂದು ತಲುಪಿದೆ" ಎಂಬುದರ ಮುಂದೆ ದಾಖಲೆ ಇಲ್ಲ. "ಟ್ರ್ಯಾಕಿಂಗ್ ಪ್ರಿಂಟ್, ಫೈಲ್ ಪುಟ ಇಂತಿಷ್ಟು" ಎಂದು ಸೇರಿಸಿ. ಒಂದು ವೇಳೆ "ನಿರಾಕರಿಸಿದರು", "ಬಾಗಿಲು ಬೀಗ" ಎಂದು ವಾಪಸು ಬಂದಿದ್ದರೆ ಜನರಲ್ ಕ್ಲಾಸಸ್ ಕಾಯ್ದೆ ಕಲಂ 27 ಮತ್ತು ಸಿ.ಸಿ. ಅಲವಿ ಹಾಜಿ (2007) 6 ಎಸ್‌ಸಿಸಿ 555 ಹಾಕಬೇಕಾಗುತ್ತಿತ್ತು.

"ಹಲವು ತೀರ್ಪುಗಳಿವೆ" ಎಂದು ಬರೆಯಬಾರದು. ಹೆಸರು ಹೇಳಿ: ಸಾಕೇತ್ ಇಂಡಿಯಾ (1999) 3 ಎಸ್‌ಸಿಸಿ 1, ಅದನ್ನು ಮೂವರ ಪೀಠ ಎತ್ತಿಹಿಡಿದದ್ದು ಇಕಾನ್ ಅಂತ್ರಿ (2014) 11 ಎಸ್‌ಸಿಸಿ 769.

ಮೂರನೆಯದು ಲೆಕ್ಕ. 138 ರಲ್ಲಿ ನೋಟೀಸಿಗೆ "30 ದಿನ" ಎಂದಿದೆ, 142 ರಲ್ಲಿ ದೂರಿಗೆ "ಒಂದು ತಿಂಗಳು" ಎಂದಿದೆ. ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ತಿಂಗಳು ಎಂದರೆ ಕ್ಯಾಲೆಂಡರ್ ತಿಂಗಳು. 1-5-2025 ನ್ನು ಬಿಟ್ಟರೆ ಕೊನೆಯ ದಿನ 1-6-2025. ಅದು ಭಾನುವಾರ, ಆದ್ದರಿಂದ ಕೋರ್ಟ್ ತೆರೆಯುವ ಮರುದಿನ ಸಲ್ಲಿಸಿದರೂ ನಡೆಯುತ್ತದೆ. ಇನ್ನೊಂದು ತುದಿಯನ್ನೂ ಬರೆಯಿರಿ: 1-5-2025 ಕ್ಕಿಂತ ಮೊದಲು ಸಲ್ಲಿಸಿದ ದೂರು ಅಕಾಲಿಕ, ಅದು ನಿಲ್ಲುವುದಿಲ್ಲ ಎಂದು ಯೋಗೇಂದ್ರ ಪ್ರತಾಪ್ ಸಿಂಗ್ (2014) 10 ಎಸ್‌ಸಿಸಿ 713.

ಉತ್ತರದಲ್ಲಿ ಕಾನೂನಿನ ಕೊನೆಯ ದಿನ, ಕಚೇರಿಯ ಕೊನೆಯ ದಿನ ಎರಡನ್ನೂ ಕೊಡಿ. ಕಚೇರಿಯ ಡೈರಿಗೆ 30-5-2025, ಶುಕ್ರವಾರ ಎಂದು ಹಾಕಿ.